ಬಟ್ಟೆಯ ಒಗಟಿನಲ್ಲಿ ದಾರಿ ಹುಡುಕುವುದು

(ಮಡಿಕೇರಿಯಲ್ಲಿ ಮಳೆಗಾಲದ ಒಂದು ಸಂಜೆ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಕರಿಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ವಾಕ್ಯಗಳಲ್ಲಿ ಹೇಳಿದ್ದೇನೆ. ನಡುವೆ ಸಭಿಕರು ಆಡಿದ ಒಂದೆರಡು ಮಾತುಗಳನ್ನೂ ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಗೆಳೆಯರೇ,

ಬೆಳಗಿನ ಕಾಫಿಯ ಹೊತ್ತಿಗೆ ದಿನಕ್ಕೊಂದರಂತೆ ಬಿಡಿಸುವ ಪದಗಳ ಒಗಟೊಂದರ ಬಗ್ಗೆ ಇಂದು ಮಾತನಾಡಲು ಬಂದಿದ್ದೇನೆ. ಪ್ರೌಢಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿದವಳು ನಾನು. ಒಂದು ಪದಕ್ಕೆ ಎಷ್ಟು ಅರ್ಥಗಳಿವೆ ಎಂದು ಮಕ್ಕಳನ್ನು ಕೇಳುವುದು ಆಗ ನನ್ನ ಕೆಲಸವಾಗಿತ್ತು. ಈಗ ಅದೇ ಪ್ರಶ್ನೆಯನ್ನು ದಿನವೂ ಬೆಳಗ್ಗೆ ಈ ಒಗಟು ನನ್ನನ್ನು ಕೇಳುತ್ತದೆ. ಮೈಸೂರಿನಲ್ಲಿರುವ ತಂಗಿಯೂ ನಾನೂ ಫೋನಿನಲ್ಲಿ ಮಾತನಾಡುತ್ತಲೇ ಅದನ್ನು ಬಿಡಿಸುತ್ತೇವೆ. ಜುಲೈ ತಿಂಗಳ ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗಿ ಮೂರು ದಿನ ಒಗಟು ಸಿಗದೆ ಹೋದಾಗ, ಕಾಗದದ ಮೇಲೆ ನಾನೇ ಒಂದನ್ನು ಕಟ್ಟಲು ಕುಳಿತೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಬಿಡಿಸಲಿದ್ದೇನೆ.

ಮೊದಲು ಆಟದ ನಿಯಮಗಳನ್ನು ಹೇಳಿಬಿಡುತ್ತೇನೆ. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2023ರ ಜೂನ್ 12ರಂದು ‘ಕನೆಕ್ಷನ್ಸ್’ ಎಂಬ ಹೆಸರಿನಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬ್ರಿಟನ್ನಿನ ಬಿಬಿಸಿಯಲ್ಲಿ 2008ರಿಂದ ನಡೆದುಬಂದ ‘ಓನ್ಲಿ ಕನೆಕ್ಟ್’ ಎಂಬ ಕ್ವಿಜ್ ಕಾರ್ಯಕ್ರಮದಲ್ಲಿಯೂ ಇಂಥದೇ ಒಂದು ಸುತ್ತು ಇದೆ. ಹದಿನಾರು ಪದಗಳನ್ನು ಕಲಸಿ ನಾಲ್ಕು ಸಾಲುಗಳಲ್ಲಿ ಇಟ್ಟಿರುತ್ತಾರೆ. ಅವುಗಳಲ್ಲಿ ನಾಲ್ಕು ನಾಲ್ಕು ಪದಗಳಿಗೆ ಒಂದೊಂದು ನಂಟು ಇರುತ್ತದೆ. ಆ ನಂಟು ಏನೆಂದು ಯಾರೂ ಹೇಳುವುದಿಲ್ಲ. ನಾಲ್ಕು ಪದಗಳನ್ನು ಆರಿಸಿ ಒಪ್ಪಿಸಬೇಕು. ನಾಲ್ಕನೆಯ ತಪ್ಪಿಗೆ ಆಟ ಮುಗಿಯುತ್ತದೆ. ಗುಂಪುಗಳಿಗೆ ಸುಲಭದಿಂದ ಕಠಿಣದ ಕಡೆಗೆ ಹಳದಿ, ಹಸಿರು, ನೀಲಿ, ನೇರಳೆ ಎಂದು ಬಣ್ಣಗಳಿವೆ. ನೀವು ಆರಿಸಿದ ನಾಲ್ಕರಲ್ಲಿ ಮೂರು ಸರಿಯಿದ್ದು ಒಂದು ಮಾತ್ರ ತಪ್ಪಿದ್ದರೆ, ಒಂದೇ ಪದ ಬಾಕಿ ಎಂಬ ಸೂಚನೆ ಬರುತ್ತದೆ.

ಕೇಳಲು ಮಕ್ಕಳಾಟದಂತೆ ಕಾಣುವ ಇದರ ಆಳ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಹದಿನಾರರಿಂದ ನಾಲ್ಕನ್ನು ಆರಿಸಲು 1,820 ಬಗೆಗಳಿವೆ. ಹದಿನಾರನ್ನೂ ನಾಲ್ಕು ಗುಂಪುಗಳಾಗಿ ಹಂಚಲು 26,27,625 ಬಗೆಗಳಿವೆ. ಒಂದೇ ಪದ ಬಾಕಿ ಎಂಬ ಸೂಚನೆ ಬಂದ ಮೇಲೂ, ನಾಲ್ಕರಲ್ಲಿ ಯಾವುದನ್ನು ತೆಗೆಯಬೇಕು, ಉಳಿದ ಹನ್ನೆರಡರಲ್ಲಿ ಯಾವುದನ್ನು ತರಬೇಕು ಎಂಬುದಕ್ಕೆ ನಲವತ್ತೆಂಟು ಸಾಧ್ಯತೆಗಳು ಉಳಿಯುತ್ತವೆ. ಆದ್ದರಿಂದ ಊಹೆಯನ್ನೇ ನಂಬಿ ಗೆಲ್ಲುವ ಆಟ ಇದಲ್ಲ.

ಈ ಒಗಟು ಕನ್ನಡಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅನುಭವ. ಐದು ಅಕ್ಷರದ ಪದವನ್ನು ಊಹಿಸುವ ಇನ್ನೊಂದು ಜನಪ್ರಿಯ ಆಟವನ್ನು ಕನ್ನಡಕ್ಕೆ ತರುವಾಗ, ಒತ್ತಕ್ಷರವನ್ನು ಒಂದೆಂದು ಎಣಿಸಬೇಕೋ ಎರಡೆಂದೋ, ಗುಣಿತಾಕ್ಷರವನ್ನು ಬಿಡಿಸಬೇಕೋ ಬೇಡವೋ ಎಂಬ ತೊಡಕುಗಳು ಎದುರಾಗುತ್ತವೆ. ಇಲ್ಲಿ ಅಕ್ಷರಗಳನ್ನು ಎಣಿಸುವ ಕೆಲಸವೇ ಇಲ್ಲ, ಬೇಕಾದದ್ದು ಅರ್ಥ ಮಾತ್ರ. ಒಂದೇ ಪದ ಮನೆಯಲ್ಲಿ ಒಂದು ಕೆಲಸ, ಗದ್ದೆಯಲ್ಲಿ ಇನ್ನೊಂದು ಕೆಲಸ ಮಾಡುವುದು ನಮ್ಮ ಭಾಷೆಗೆ ತೀರ ಸಹಜ.

ಉಡುಪಿನ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಟ್ಟೆಗೆ ಸಂಬಂಧಿಸಿದ ಪದಗಳನ್ನು ಒಗಟಿನಲ್ಲಿ ಕಂಡಾಗ ನಮ್ಮ ಕಣ್ಣು ಬೇಗ ಮೋಸಹೋಗುತ್ತದೆ. ಇಂಗ್ಲಿಷಿನ ಒಂದು ಉದಾಹರಣೆ ಕೊಡುತ್ತೇನೆ. ಹದಿನಾರು ಪದಗಳ ನಡುವೆ ‘ಸಾಕ್’, ‘ಬೆಲ್ಟ್’, ‘ಕಫ್’ ಎಂಬ ಮೂರು ಕಂಡವೆನ್ನಿ. ಕಾಲುಚೀಲ, ಸೊಂಟಪಟ್ಟಿ, ತೋಳಿನ ತುದಿಯ ಪಟ್ಟಿ ಎಂದು ಮನಸ್ಸು ಕೂಡಲೇ ಗುಂಪು ಕಟ್ಟಿ, ನಾಲ್ಕನೆಯ ಉಡುಪನ್ನು ಹುಡುಕತೊಡಗುತ್ತದೆ. ಆದರೆ ಈ ಮೂರಕ್ಕೂ ಇಂಗ್ಲಿಷಿನಲ್ಲಿ ಏಟು ಕೊಡುವುದು ಎಂಬ ಇನ್ನೊಂದು ಅರ್ಥವಿದೆ. ಮೂಲೆಯಲ್ಲಿ ಬಸವನಹುಳುವಿನ ಜಾತಿಯ ‘ಸ್ಲಗ್’ ಎಂಬ ಪದ ಒಂಟಿಯಾಗಿ ಕುಳಿತಿದ್ದರೆ, ಗುದ್ದು ಎಂಬ ಅರ್ಥ ಅದಕ್ಕೂ ಇರುವುದರಿಂದ, ಇವು ನಾಲ್ಕೂ ಒಂದೇ ಮನೆಯವು. ದಾರಿ ತೋರಿಸಿದ್ದು ಬಟ್ಟೆಯಲ್ಲದ ಪದ. ಎಲ್ಲಕ್ಕೂ ಹೊಂದುವ ಪದ ನಮಗೆ ಏನನ್ನೂ ತಿಳಿಸುವುದಿಲ್ಲ. ಎಲ್ಲಿಯೂ ಹೊಂದದೆ ನಿಂತ ಪದವೇ ಬಾಯಿ ಬಿಡುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದನ್ನೇ. ಉಳಿದುದೆಲ್ಲ ಅದಕ್ಕೆ ಉದಾಹರಣೆ.

ಇದು ನನ್ನ ಒಗಟು:

ಸೆರಗು, ಟೋಪಿ, ಮಡಿ, ಉಡು
ಮುಡಿ, ಕುಚ್ಚು, ಪೇಟ, ಗುಂಡಿ
ಅಂಚು, ಮೆಟ್ಟು, ನೆರಿಗೆ, ರುಮಾಲು
ಮುಂಡಾಸು, ಕಣ, ತೊಡು, ಒಡಲು

ಇದಕ್ಕೆ ನಾನು ಕೊಟ್ಟ ಶೀರ್ಷಿಕೆ ‘ಬಟ್ಟೆ’. ಮುಂದೆ ಓದುವ ಮೊದಲು ಎರಡು ನಿಮಿಷ ನೀವೇ ಪ್ರಯತ್ನಿಸಬೇಕೆಂದು ಸಭೆಯಲ್ಲಿ ಕೇಳಿಕೊಂಡೆ. ಓದುಗರನ್ನೂ ಹಾಗೆಯೇ ಕೇಳಿಕೊಳ್ಳುತ್ತೇನೆ.

ತಲೆಗೆ ಧರಿಸುವ ನಾಲ್ಕು ಎಲ್ಲರಿಗೂ ಕೂಡಲೇ ಕಾಣುತ್ತವೆ: ಟೋಪಿ, ಪೇಟ, ರುಮಾಲು, ಮುಂಡಾಸು. ಐದನೆಯದಾಗಿ ಬರಬಲ್ಲದ್ದು ಯಾವುದೂ ಇಲ್ಲ. ಸೆರಗನ್ನು ತಲೆಯ ಮೇಲೆ ಹೊದೆಯುತ್ತಾರೆ ಎಂದು ಒಬ್ಬರು ವಾದಿಸಿದರು. ಆದರೆ ತಲೆಗೆ ಹೊದ್ದ ಮಾತ್ರಕ್ಕೆ ಸೆರಗು ತಲೆಯುಡುಪಾಗುವುದಿಲ್ಲ, ಅದು ಸೀರೆಯ ಭಾಗವಾಗಿಯೇ ಉಳಿಯುತ್ತದೆ. ಇದನ್ನು ಒಪ್ಪಿಸಿ ಮುಂದೆ ಹೋಗೋಣ.

ಈ ಗುಂಪಿನ ಮೊದಲ ಕರಡಿನಲ್ಲಿ ‘ವಸ್ತ್ರ’ ಎಂಬ ಪದವೂ ಇತ್ತೆಂಬುದನ್ನು ಇಲ್ಲಿ ಹೇಳಬೇಕು. ಕೊಡವ ಹೆಂಗಸರು ತಲೆಗೆ ಕಟ್ಟಿಕೊಳ್ಳುವ ಚೌಕಕ್ಕೆ ವಸ್ತ್ರ ಎಂದೇ ಹೆಸರು ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಗಂಡಸರು ಸುತ್ತುವುದು ಮಂಡೆತುಣಿ. ಕುಪ್ಯ ಎಂಬ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಎಂಬ ಪಟ್ಟಿ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡವರ ತಲೆಯ ಮೇಲೆ ಅದನ್ನು ಕೈಲ್‌ಪೊಳ್ದು ಹಬ್ಬದಲ್ಲಿಯೂ ಮದುವೆ ಮನೆಗಳಲ್ಲಿಯೂ ಕಾಣುತ್ತೇವೆ. ನಮ್ಮ ಊರಿನ ಪದವೊಂದು ಒಗಟಿನಲ್ಲಿ ಇರಲಿ ಎಂಬ ಆಸೆಯಿಂದ ವಸ್ತ್ರವನ್ನು ಸೇರಿಸಿದ್ದೆ. ತಂಗಿಗೆ ಓದಿ ಹೇಳಿದಾಗ ಅವಳು, “ಅಕ್ಕಾ, ವಸ್ತ್ರ ಅಂದ್ರೆ ನಮಗೆಲ್ಲ ಬಟ್ಟೆ ಅಂತ ತಾನೇ? ಅದನ್ನು ಎಲ್ಲಿ ಬೇಕಾದರೂ ಇಡಬಹುದಲ್ಲ!” ಎಂದಳು. ಅವಳ ಮಾತು ಸರಿ. ಸ್ಥಳೀಯ ಪದ ಒಗಟಿಗೆ ಬರಬಾರದೆಂದು ನಾನು ಹೇಳುವುದಿಲ್ಲ. ‘ವೆಸ್ಟ್’ ಎಂದರೆ ಬ್ರಿಟನ್ನಿನವರಿಗೆ ಬನಿಯನ್, ಅಮೆರಿಕದವರಿಗೆ ತೋಳಿಲ್ಲದ ಮೇಲಂಗಿ. ಅಲ್ಲಿಯೂ ಇಂಥ ವ್ಯತ್ಯಾಸ ಒಗಟಿನ ಒಳಗೆ ನುಸುಳದೆ ಇರುವುದಿಲ್ಲ. ಆದರೆ ಇಡೀ ವಿಷಯಕ್ಕೇ ಹೆಸರಾದ ಪದವನ್ನು ಒಂದು ಮೂಲೆಗೆ ಸೇರಿಸಿ, ಅದು ಅಲ್ಲಿಗೇ ಸೇರಿದ್ದೆಂದು ದೂರದವರು ತಿಳಿಯಬೇಕೆಂದು ಬಯಸುವುದು ನ್ಯಾಯವಲ್ಲ ಎನಿಸಿ, ವಸ್ತ್ರವನ್ನು ತೆಗೆದು ಮುಂಡಾಸನ್ನು ಇಟ್ಟೆ.

ಈಗ ಹನ್ನೆರಡು ಉಳಿದವು. ಸಭೆಯಲ್ಲಿ ಮುಕ್ಕಾಲು ಪಾಲು ಜನ ಮುಂದೆ ಹೋದದ್ದು ಸೀರೆಯ ಕಡೆಗೆ. ಸೆರಗು, ಅಂಚು, ನೆರಿಗೆ, ಒಡಲು ಎಂದು ನಾಲ್ಕನ್ನು ಕೈಬೆರಳಿನಲ್ಲಿ ಎಣಿಸಿ ತೋರಿಸಿದರು. ನೋಡಲು ಇದರಲ್ಲಿ ಒಂದೂ ತಪ್ಪಿಲ್ಲ. ಸೀರೆಯ ಅಂಗಡಿಯಲ್ಲಿ ಯಾರೇ ಕುಳಿತರೂ ಒಡಲಿನ ಬಣ್ಣ ಯಾವುದು, ಅಂಚು ಎಷ್ಟು ಅಗಲ, ಸೆರಗು ಹೇಗಿದೆ ಎಂದೇ ಕೇಳುತ್ತಾರೆ. ನೆರಿಗೆಯ ವಿಷಯದಲ್ಲಂತೂ ಕೊಡಗಿನಲ್ಲಿ ಕಥೆಯೇ ಇದೆ: ಕಾವೇರಿ ನದಿಯಾಗಿ ಹರಿದು ಹೊರಟಾಗ ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆಗಳು ನೀರಿನ ರಭಸಕ್ಕೆ ಹಿಂದಕ್ಕೆ ಸರಿದವೆಂದೂ, ಅದಕ್ಕಾಗಿಯೇ ಕೊಡವತಿಯರು ನೆರಿಗೆಯನ್ನು ಬೆನ್ನ ಕಡೆಗೆ ಹಿಡಿಯುತ್ತಾರೆಂದೂ ಹೇಳುತ್ತಾರೆ. ಮುಂದಿದ್ದರೂ ಹಿಂದಿದ್ದರೂ ನೆರಿಗೆ ಸೀರೆಯದೇ. ಆದರೂ ಈ ನಾಲ್ಕನ್ನು ಒಪ್ಪಿಸಿದರೆ ಒಂದೇ ಪದ ಬಾಕಿ ಎಂಬ ಉತ್ತರ ಬರುತ್ತದೆ.

ತಪ್ಪು ಎಲ್ಲಿದೆಯೆಂದರೆ, ಸೀರೆಗೆ ಹೊಂದುವ ಪದಗಳು ನಾಲ್ಕಲ್ಲ, ಐದು. ಕುಚ್ಚು ಐದನೆಯದು. ಸೆರಗಿನ ತುದಿಯ ಎಳೆಗಳನ್ನು ಗಂಟು ಹಾಕಿ ಇಳಿಬಿಡುವ ಕುಚ್ಚನ್ನು ಹೆಂಗಸರು ಬೇಗ ಗುರುತಿಸಿದರು; ಗಂಡಸರು ಅದನ್ನು ಕುಚ್ಚಲಕ್ಕಿಯ ಕಡೆಗೆ ಎಳೆದರು. ಕುಚ್ಚು ಎಂದರೆ ಬೇಯಿಸು ಎಂಬ ಅರ್ಥವೂ ಇದೆ ಎಂಬುದು ನಿಜ. ಆದರೆ ಈ ಹಲಗೆಯಲ್ಲಿ ಅಡುಗೆಯ ಬೇರೆ ಪದ ಇಲ್ಲವಾದ್ದರಿಂದ ಆ ಅರ್ಥಕ್ಕೆ ಜೊತೆ ಸಿಗುವುದಿಲ್ಲ. ಒಂದು ಗುಂಪಿಗೆ ಐದು ಪದ ಹೊಂದಿದಾಗ ಆ ಗುಂಪನ್ನು ಮುಟ್ಟದೆ ಬಿಡಬೇಕು. ಐದರಲ್ಲಿ ಯಾವುದಕ್ಕೆ ಇನ್ನೊಂದು ಬದುಕು ಇದೆ ಎಂಬುದು ಬೇರೆ ಗುಂಪುಗಳು ತುಂಬಿದಂತೆ ತಾನಾಗಿ ಗೊತ್ತಾಗುತ್ತದೆ. ಕೈಯಲ್ಲಿ ನಾಲ್ಕು ತಪ್ಪಿನ ಅವಕಾಶವಿದೆ ಎಂದು ಇಲ್ಲಿ ಒಂದನ್ನು ಖರ್ಚು ಮಾಡುವವರನ್ನು ನಾನು ದಿನವೂ ನೋಡುತ್ತೇನೆ, ನನ್ನ ತಂಗಿಯೂ ಅವರಲ್ಲಿ ಒಬ್ಬಳು. ಅದು ಅನಗತ್ಯವಾದ ಖರ್ಚು.

ಆದ್ದರಿಂದ ಸೀರೆಯನ್ನು ಬದಿಗಿಟ್ಟು ಕ್ರಿಯಾಪದಗಳ ಕಡೆಗೆ ಬರೋಣ. ಈ ಗುಂಪೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಇಂಗ್ಲಿಷಿನಲ್ಲಿ ಸೀರೆ, ಅಂಗಿ, ಚಪ್ಪಲಿ, ಉಂಗುರ, ಮುಡಿಗೆ ಹೂವು ಎಲ್ಲಕ್ಕೂ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಕನ್ನಡದಲ್ಲಿ ಹಾಗಿಲ್ಲ. ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ಪೇಟವನ್ನು ಸುತ್ತುತ್ತೇವೆ, ಬೊಟ್ಟನ್ನು ಇಡುತ್ತೇವೆ. ಮೈಗೆ ಸುತ್ತಿ ನಿಲ್ಲಿಸಬೇಕಾದದ್ದಕ್ಕೆ ಉಡು, ಒಳಗೆ ಕೈಕಾಲು ತೂರಿಸಬೇಕಾದದ್ದಕ್ಕೆ ತೊಡು. ಎರಡರ ವ್ಯತ್ಯಾಸವನ್ನು ಯಾರೂ ನಮಗೆ ಕಲಿಸಲಿಲ್ಲ, ಆದರೂ ಸೀರೆಯನ್ನು ತೊಟ್ಟಳು ಎಂದು ಬರೆದರೆ ಕಿವಿಗೆ ಹಿತವಾಗುವುದಿಲ್ಲ. ಉಡುಗೆ ತೊಡುಗೆ ಎಂಬ ಜೋಡಿ ಮಾತು ಈ ಎರಡನ್ನೂ ಇಂದಿಗೂ ಒಟ್ಟಿಗೆ ಹಿಡಿದುಕೊಂಡಿದೆ. ಈಗಿನ ಮಕ್ಕಳು ಎಲ್ಲಕ್ಕೂ ಹಾಕು ಎಂಬ ಒಂದೇ ಪದವನ್ನು ಬಳಸುತ್ತಾರೆ: ಸೀರೆ ಹಾಕು, ಶೂ ಹಾಕು, ಹೂವು ಹಾಕು. ತರಗತಿಯಲ್ಲಿ ಅದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತಿತ್ತು. ಹಾಕು ಎಂಬುದು ತಪ್ಪು ಕನ್ನಡವಲ್ಲ. ಆದರೆ ಉಡು, ಮುಡಿ, ಮೆಟ್ಟು ಎನ್ನುವಾಗ ಮೈಯ ಯಾವ ಭಾಗ, ಯಾವ ಚಲನೆ ಎಂಬುದು ಪದದೊಳಗೇ ಇರುತ್ತದೆ, ಹಾಕು ಎನ್ನುವಾಗ ಅದು ಇರುವುದಿಲ್ಲ. ಈ ನಾಲ್ಕು ಪದಗಳನ್ನು ಒಂದೇ ಹಲಗೆಯ ಮೇಲೆ ಸೇರಿಸಬೇಕೆಂಬ ಬಯಕೆಯಿಂದಲೇ ನಾನು ಇಡೀ ಒಗಟನ್ನು ಕಟ್ಟಿದ್ದು.

ಗುಂಪು ಸ್ಪಷ್ಟವಾಗಿದ್ದರೂ ಇದರೊಳಗೆ ಒಂದು ತೊಡಕು ಇದೆ. ಉಡು ಎಂದರೆ ಗೋಡೆಗೆ ಕಚ್ಚಿ ಹಿಡಿಯುವ ಪ್ರಾಣಿಯೂ ಹೌದು. ಅದಕ್ಕೆ ಹಲಗೆಯಲ್ಲಿ ಜೊತೆಯಿಲ್ಲ, ಬಿಡೋಣ. ನಿಜವಾದ ತೊಡಕು ಮುಡಿಯದು. ನಮ್ಮ ಗಡಿಯಾಚೆ ಸುಳ್ಯ, ಪುತ್ತೂರಿನ ಕಡೆ ಬೈಹುಲ್ಲಿನಲ್ಲಿ ಕಟ್ಟಿ ಅಕ್ಕಿಯನ್ನು ಕಾಪಿಡುವ ಗಟ್ಟಿ ಉಂಡೆಗೆ ಮುಡಿ ಎನ್ನುತ್ತಾರೆ. ಅಲ್ಲಿಂದ ಬಂದು ಇಲ್ಲಿ ನೆಲೆಸಿದ ಅರೆಭಾಷೆಯ ಮನೆತನಗಳವರು ಸಭೆಯಲ್ಲಿ ಇದ್ದರು. ಅವರಲ್ಲಿ ಒಬ್ಬರು ಮುಡಿಯನ್ನು ಕಂಡೊಡನೆ ಅಕ್ಕಿಯ ಕಡೆ ಹೋದರು. ಅವರು ಹೋದದ್ದು ತಪ್ಪಲ್ಲ, ಆ ಕಡೆ ನಿಜವಾಗಿಯೂ ಒಂದು ಗುಂಪು ಅಡಗಿತ್ತು. ಆದರೆ ಮುಡಿಯನ್ನು ಅಲ್ಲಿಗೆ ಕೊಟ್ಟರೆ ಉಡು, ತೊಡು, ಮೆಟ್ಟು ಎಂಬ ಮೂರೇ ಉಳಿದು, ನಾಲ್ಕನೆಯ ಕ್ರಿಯಾಪದ ಎಲ್ಲಿಯೂ ಸಿಗುವುದಿಲ್ಲ. ಮಡಿ ಎಂಬುದು ಸಾಯು ಎಂಬ ಅರ್ಥದಲ್ಲಿ ಕ್ರಿಯಾಪದವೇ, ಆದರೆ ಧರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಮುಡಿ ಇಲ್ಲಿಯೇ ನಿಲ್ಲಬೇಕು. ಉಡು, ತೊಡು, ಮುಡಿ, ಮೆಟ್ಟು: ಎರಡನೆಯ ಗುಂಪು ಮುಗಿಯಿತು.

ಉಳಿದ ಎಂಟನ್ನು ಹಲಗೆಯ ಮೇಲೆ ಮತ್ತೆ ಬರೆದೆ: ಸೆರಗು, ಅಂಚು, ನೆರಿಗೆ, ಒಡಲು, ಕುಚ್ಚು, ಮಡಿ, ಗುಂಡಿ, ಕಣ. ಐದು ಸೀರೆಯವು, ಮೂರು ಎಲ್ಲಿಯೂ ಸೇರದವು. ಅಂಗಿಯ ಗುಂಡಿ, ಒಗೆದು ಒಣಗಿಸಿದ ಮಡಿ, ರವಿಕೆಯ ಕಣ ಎಂದರೆ ಮೂರೂ ಬಟ್ಟೆಯ ಲೋಕದವೇ. ಆದರೆ ಒಂದು ಅಂಗಿಯ ಭಾಗ, ಒಂದು ಶುದ್ಧಿಯ ಸ್ಥಿತಿ, ಒಂದು ಹೊಲಿಯದ ತುಂಡು. ಬಟ್ಟೆಯಾಗಿ ನೋಡಿದರೆ ಅವುಗಳ ನಡುವೆ ಯಾವ ನಂಟೂ ಇಲ್ಲ. ಈಗ ಅವನ್ನು ಬಟ್ಟೆ ಎಂದು ನೋಡುವುದನ್ನು ನಿಲ್ಲಿಸಬೇಕು.

ಇಷ್ಟು ಹೇಳುವಷ್ಟರಲ್ಲಿ, ಪೊನ್ನಂಪೇಟೆ ಕಡೆಯಿಂದ ಬಂದಿದ್ದ ಬೆಳೆಗಾರ ಮಹಿಳೆಯೊಬ್ಬರು ಹಿಂದಿನ ಸಾಲಿನಿಂದ ಎದ್ದು ನಿಂತು, “ಟೀಚರೇ, ನಾನು ಇದನ್ನೇ ಮೊದಲು ಬಿಡಿಸಿದ್ದು. ಗುಂಡಿ, ಮಡಿ, ಕಣ, ಅಂಚು. ನಮಗೆ ವರ್ಷವಿಡೀ ಇದೇ ಕೆಲಸ ಅಲ್ವಾ?” ಎಂದರು. ಅವರ ಕೈಯಲ್ಲಿದ್ದ ಕಾಗದದಲ್ಲಿ ಆ ನಾಲ್ಕಕ್ಕೆ ಸುತ್ತು ಹಾಕಿತ್ತು. ತಲೆಯುಡುಪಿನ ಗುಂಪು ಮಾತ್ರ ಇನ್ನೂ ಅರ್ಧದಲ್ಲಿತ್ತು.

ಅವರು ಹೇಳಿದ್ದು ಪೂರ್ತಿ ಸರಿ. ಕಾಫಿ ಗಿಡ ನೆಡುವ ಮೊದಲು ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳಕ್ಕೆ ತೆಗೆಯುವುದು ಗುಂಡಿ. ಬೀಜ ಬಿತ್ತಿ ಸಸಿ ಎಬ್ಬಿಸಲು ಮಣ್ಣನ್ನು ಹುಡಿ ಮಾಡಿ ನೆಲದಿಂದ ಸ್ವಲ್ಪ ಎತ್ತರಿಸಿ ಮಾಡುವುದು ಮಡಿ. ಭತ್ತಕ್ಕೂ ಸಸಿಮಡಿ, ಕಾಫಿಗೂ ಸಸಿಮಡಿ. ಭತ್ತ ಬಡಿಯಲು, ಕಾಫಿ ಒಣಗಿಸಲು ಹದಮಾಡಿದ ನೆಲ ಕಣ. ಗದ್ದೆಯಲ್ಲಿ ನೀರು ನಿಲ್ಲಿಸಲು ಕಟ್ಟಿ, ಹುಲ್ಲು ಕೆತ್ತಿ, ಮಣ್ಣು ಮೆತ್ತುವ ದಂಡೆ ಅಂಚು. ನಾಲ್ಕೂ ಗದ್ದೆ ತೋಟಗಳಲ್ಲಿ ಕೈಯಾರೆ ಮಾಡುವಂಥವು. ಸೀರೆಯ ಐದರಲ್ಲಿ ಹೊರಗೆ ಹೋಗಬೇಕಾದದ್ದು ಯಾವುದು ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಕ್ಕಿತು. ಕಾಡಿನ ಸೆರಗು ಎಂಬ ಮಾತಿದೆಯಲ್ಲ, ಸೆರಗು ಏಕೆ ಹೋಗಬಾರದು ಎಂದು ಕೇಳಬಹುದು. ಕಾಡಿನ ಸೆರಗನ್ನು ಯಾರೂ ಕಟ್ಟುವುದಿಲ್ಲ, ಅದು ಅಲ್ಲಿ ಇರುತ್ತದೆ ಅಷ್ಟೆ; ಜೊತೆಗೆ ಆ ಮಾತು ಹೋಲಿಕೆಯಿಂದ ಹುಟ್ಟಿದ್ದು, ಅದರ ಹಿಂದೆ ಸೀರೆಯೇ ನಿಂತಿದೆ. ಗದ್ದೆಯ ಅಂಚಿಗೆ ಸೀರೆಯ ನೆನಪು ಬೇಕಿಲ್ಲ. ಕೊನೆಗೆ ಸೆರಗು, ನೆರಿಗೆ, ಒಡಲು, ಕುಚ್ಚು ಎಂಬ ನಾಲ್ಕು ತಾವಾಗಿ ಒಟ್ಟಾದವು.

ಕಣದ ಬಗ್ಗೆ ಒಬ್ಬರು ಎತ್ತಿದ ಆಕ್ಷೇಪವನ್ನು ಮುಚ್ಚಿಡಬಾರದು. ಗುಳೇದಗುಡ್ಡದ ರವಿಕೆ ಬಟ್ಟೆಯನ್ನು ಉತ್ತರ ಕರ್ನಾಟಕದವರು ಮಹಾಪ್ರಾಣದಿಂದ ಖಣ ಎಂದು ಬರೆಯುತ್ತಾರೆ. ಭತ್ತದ ಕಣ ಅಲ್ಪಪ್ರಾಣ. ಹಾಗಿದ್ದ ಮೇಲೆ ಇವು ಒಂದೇ ಪದವೇ? ಎರಡರ ಮೂಲ ಬೇರೆ ಇರಬಹುದು, ಆದರೆ ದಕ್ಷಿಣದಲ್ಲಿ ರವಿಕೆ ಕಣ ಎಂದೇ ಬರೆಯುವ ರೂಢಿ ಇರುವುದರಿಂದ ಒಗಟಿಗೆ ಅಷ್ಟು ಆಧಾರ ಸಾಕು ಎಂಬುದು ನನ್ನ ತೀರ್ಮಾನ. ಬಾಗಲಕೋಟೆಯ ಓದುಗರಿಗಾಗಿ ಕಟ್ಟುವುದಾದರೆ ಈ ಪದವನ್ನು ಬಿಟ್ಟು ಬೇರೊಂದನ್ನು ಹುಡುಕುತ್ತೇನೆ.

ಪೊನ್ನಂಪೇಟೆಯವರ ಕಾಗದ ನನ್ನನ್ನು ಇನ್ನೊಂದು ಬದಲಾವಣೆಗೆ ಒಪ್ಪಿಸಿತು. ಕೃಷಿಯ ಗುಂಪಿಗೆ ನಾನು ನೇರಳೆ ಬಣ್ಣ ಕೊಟ್ಟಿದ್ದೆ, ತಲೆಯುಡುಪಿಗೆ ಹಳದಿ. ಬಣ್ಣ ಕೊಡುವಾಗ ನನ್ನ ಎದುರಿಗಿದ್ದದ್ದು ಮೈಸೂರಿನ ತಂಗಿ. ಅವಳಿಗೆ ಮಡಿ ಎಂದರೆ ದೇವರ ಕೋಣೆ, ಗುಂಡಿ ಎಂದರೆ ಶರ್ಟು. ಇಲ್ಲಿ ಮುಂಡಾಸು ಸುತ್ತುವವರನ್ನು ಕಾಣುವುದೇ ಅಪರೂಪ, ಗುಂಡಿ ತೋಡುವವರನ್ನು ಮುಂಗಾರಿಗೆ ಮೊದಲು ಪ್ರತಿ ತೋಟದಲ್ಲಿಯೂ ಕಾಣುತ್ತೇವೆ. ಆದ್ದರಿಂದ ಇಲ್ಲಿನ ಪ್ರತಿಯಲ್ಲಿ ಆ ಎರಡು ಬಣ್ಣಗಳನ್ನು ಅದಲುಬದಲು ಮಾಡಿದ್ದೇನೆ.

ಕೊನೆಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ, ಶೀರ್ಷಿಕೆಯಾಗಿ ಇಟ್ಟ ‘ಬಟ್ಟೆ’ ಎಂಬ ಪದವನ್ನೇ ಹದಿನಾರರಲ್ಲಿ ಒಂದಾಗಿ ಇಡಬಹುದೇ ಎಂದು ಕೇಳಿದ. ವಸ್ತ್ರವನ್ನು ತೆಗೆದ ಕಾರಣಕ್ಕೇ ಇದನ್ನೂ ಬಟ್ಟೆಯ ಅರ್ಥದಲ್ಲಿ ಇಡಲಾಗದು. ಆದರೆ ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ. ಹೆದ್ದಾರಿಗೆ ಹೆಬ್ಬಟ್ಟೆ ಎನ್ನುತ್ತಿದ್ದರು. ಹಾಗಾಗಿ ಬಟ್ಟೆ, ಹಾದಿ, ಓಣಿ, ಜಾಡು ಎಂದು ನಾಲ್ಕನ್ನು ಸೇರಿಸಿ, ಬಟ್ಟೆಯ ಸುತ್ತ ಉಡುಪಿನ ಪದಗಳನ್ನು ಹರಡಿ ಮರೆಸಬಹುದು. ಆ ನಾಲ್ಕನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಉಳಿದ ಹನ್ನೆರಡನ್ನು ತಾನು ಹುಡುಕಿ ತರುತ್ತೇನೆಂದು ಆ ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದಾನೆ.